ಶುಕ್ರವಾರದ ಪಯಣಿಗರು

ರೈಲಿನ ವೇಳಾಪಟ್ಟಿಯನ್ನು ಮನುಷ್ಯರು ರಚಿಸಿದುದರಿಂದ ಅದರಲ್ಲಿ ಮನುಷ್ಯಸಹಜವಾದ ದಾಕ್ಷಿಣ್ಯವು ಸ್ವಲ್ಪಮಟ್ಟಿಗಾದರೂ ಇದ್ದೇ ಇರುತ್ತದೆ. ಬಂಡಿಯು ತಡವಾಗಿ ಬಂದೀತು, ತಡವಾಗಿ ಹೊರಟೀತು, ತಡವಾದುದಕ್ಕೆ ಕ್ಷಮೆಯನ್ನೂ ಕೋರೀತು. ಸೂರ್ಯನಲ್ಲಿ ಈ ಸೌಜನ್ಯವಿಲ್ಲ. ಲೋಕದ ಬಹುಮಂದಿ ಪ್ರಯಾಣಿಕರಿಗೆ ಸೂರ್ಯಾಸ್ತವೆಂಬುದು ಕಿಟಕಿಯ ಪಕ್ಕದ ಆಸನ ದೊರೆತವರು ನೋಡಿ ಸಂತೋಷಪಡತಕ್ಕ ಒಂದು ದೃಶ್ಯವಾದರೆ, ಶುಕ್ರವಾರದಂದು ದಾರಿಯಲ್ಲಿರುವ ಧರ್ಮನಿಷ್ಠ ಯೆಹೂದ್ಯ ಕುಟುಂಬಕ್ಕೆ ಅದು ಪ್ರಯಾಣದ ಕಟ್ಟಕಡೆಯ ನಿಲ್ದಾಣ. ಅಷ್ಟರೊಳಗೆ ಮನೆ ಸೇರಿದವರು ಸೇರಿದರು, ಸೇರದವರು ಎಲ್ಲಿದ್ದರೋ ಅಲ್ಲಿಯೇ ನಿಲ್ಲತಕ್ಕದ್ದು.

ಶುಕ್ರವಾರದ ಸೂರ್ಯಾಸ್ತದಿಂದ ಮೊದಲುಗೊಂಡು, ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರಗಳು ಮೂಡುವವರೆಗಿನ ಸುಮಾರು 25 ಗಂಟೆಗಳ ಕಾಲವೇ ಸಬ್ಬತ್. ಆ ಅವಧಿಯಲ್ಲಿ ಮಾಡಬಾರದ ಕರ್ಮಗಳು 39 ಬಗೆಯವೆಂದು ಮಿಶ್ನಾ ಎಂಬ ಪ್ರಾಚೀನ ಧರ್ಮಸಂಹಿತೆಯು ಬಿತ್ತುವುದು, ಉಳುವುದು ಎಂಬಲ್ಲಿಂದ ತೊಡಗಿ, ಬೆಂಕಿ ಹೊತ್ತಿಸುವುದು, ಬರೆಯುವುದು, ಗಂಟು ಕಟ್ಟುವುದು ಎಂಬಿವನ್ನು ಹಾದು, ಮನೆಯ ವಸ್ತುವನ್ನು ಬೀದಿಗೆ ಒಯ್ಯುವುದರವರೆಗೆ ಒಂದೊಂದಾಗಿ ಎಣಿಸಿಟ್ಟಿದೆ. ಮೋಟಾರು ಹೊರಡಿಸಿದರೆ ಬೆಂಕಿಯ ದೋಷ, ಪೆಟ್ಟಿಗೆ ಹಿಡಿದು ಬೀದಿಗಿಳಿದರೆ ಹೊರೆಯ ದೋಷ. ಹಣವನ್ನು ಮುಟ್ಟುವಂತೆಯೇ ಇಲ್ಲವಾದುದರಿಂದ ಟಿಕೆಟ್ಟಿನ ಮಾತಂತೂ ದೂರವೇ ಉಳಿಯಿತು. ಇದಿಷ್ಟು ಸಾಲದೆಂಬಂತೆ, ಗೃಹಿಣಿಯು ಸೂರ್ಯಾಸ್ತಕ್ಕೆ 18 ನಿಮಿಷ ಮುಂಚಿತವಾಗಿಯೇ ದೀಪ ಹಚ್ಚಬೇಕೆಂಬುದು ಸಾಮಾನ್ಯ ರೂಢಿ. ಯೆರೂಸಲೇಮಿನವರು ಇನ್ನೂ ಎಚ್ಚರಿಕೆಯವರಾಗಿ 40 ನಿಮಿಷ ಮುಂಚೆ ಹಚ್ಚುತ್ತಾರೆ.

ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಎಂಬ ಬಡಾವಣೆಯಲ್ಲಿ ನಾನು ಕೆಲವು ಕಾಲ ವಾಸವಾಗಿದ್ದಾಗ ನನ್ನ ನೆರೆಮನೆಯವರು ಇಂಥದೊಂದು ಕುಟುಂಬದವರಾಗಿದ್ದರು. ಡಿಸೆಂಬರ್ ತಿಂಗಳಲ್ಲಿ ಆ ಊರಿನ ಸೂರ್ಯನು ಮಧ್ಯಾಹ್ನದ ನಾಲ್ಕು ಗಂಟೆ ಹೊಡೆಯುವುದಕ್ಕೆ ಮೊದಲೇ ಕಚೇರಿಯ ಗುಮಾಸ್ತನಿಗೂ ನಾಚಿಕೆಯಾಗುವಂತೆ ಕೆಲಸ ಬಿಟ್ಟು ಹೊರಟುಹೋಗುತ್ತಾನೆ. ಅಂಥದೊಂದು ಶುಕ್ರವಾರ ಅವರು ಮ್ಯಾಂಚೆಸ್ಟರಿನ ಬಂಧುಗಳ ಮನೆಯಲ್ಲಿ ಸಬ್ಬತ್ತನ್ನು ಕಳೆಯುವುದಕ್ಕಾಗಿ ಇನ್ನೂ ಬೀದಿದೀಪಗಳು ಆರುವ ಮೊದಲೇ ಹೊರಟು ನಿಂತುದನ್ನು ಕಂಡು, ನಾಲ್ಕೈದು ಗಂಟೆಗಳ ದಾರಿಗೆ ಇಷ್ಟೇಕೆ ಆತುರವೆಂದು ನಾನು ಕೇಳಿದೆ. ಯಜಮಾನರು ಬಹು ಶಾಂತವಾಗಿ, ಚಕ್ರದ ಗಾಳಿ ಹೋಗಲು ಒಂದು ಗಂಟೆ, ಹಿಮ ಬೀಳಲು ಒಂದು ಗಂಟೆ, ಎರಡನೆಯ ಮಗುವಿಗೆ ವಾಂತಿಯಾಗಲು ಅರ್ಧ ಗಂಟೆ, ತಾವು ದಾರಿ ತಪ್ಪಲು ಒಂದು ಗಂಟೆ, ದಾರಿ ತಪ್ಪಿಲ್ಲವೆಂದು ಮಡದಿಯೊಡನೆ ವಾದಿಸಲು ಇನ್ನರ್ಧ ಗಂಟೆ ಎಂದು ಲೆಕ್ಕವೊಪ್ಪಿಸಿದರು. ಆಪತ್ತುಗಳನ್ನು ಹೀಗೆ ಮುಂಗಡವಾಗಿ ಆಯವ್ಯಯಪತ್ರದಲ್ಲಿ ಸೇರಿಸಿಕೊಂಡು ಹೊರಡುವ ಪ್ರಯಾಣಿಕನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹಿಂದಿನ ಆಸನದಲ್ಲಿ ಕುಳಿತಿದ್ದ ಅಜ್ಜಿಯಂತೂ, ಇಷ್ಟು ತಡವಾಗಿ ಹೊರಟರೆ ದೇವರೇ ಗತಿಯೆಂದು ಆಗಲೇ ನಿಟ್ಟುಸಿರು ಬಿಡುತ್ತಿದ್ದಳು.

ಅವರ ಸಾಮಾನು ಸರಂಜಾಮನ್ನು ನೋಡತಕ್ಕದ್ದೇ ಒಂದು ಭಾಗ್ಯ. ಬೆಳ್ಳಿಯ ದೀಪಸ್ತಂಭಗಳು, ಆಶೀರ್ವಾದದ ದ್ರಾಕ್ಷಾರಸ, ಹೆಣೆದ ರೊಟ್ಟಿಗಳೆರಡು, ಶನಿವಾರ ರಾತ್ರಿ ಸಬ್ಬತ್ತನ್ನು ಬೀಳ್ಕೊಡುವುದಕ್ಕೆ ಬೇಕಾದ ಹೆಣೆದ ಮೇಣದಬತ್ತಿ ಮತ್ತು ಸುಗಂಧದ್ರವ್ಯಗಳ ಡಬ್ಬಿ, ಶುಕ್ರವಾರವೇ ಒಲೆಯೇರಿ ಮರುದಿನ ಮಧ್ಯಾಹ್ನದವರೆಗೆ ಬೇಯುತ್ತಲೇ ಇರುವ ಚೋಲೆಂಟ್ ಎಂಬ ವ್ಯಂಜನಕ್ಕಾಗಿ ದೊಡ್ಡದೊಂದು ಪಾತ್ರೆ. ಇವೆಲ್ಲವೂ ಮಕ್ಕಳ ಜೊತೆಗೆ, ಮಕ್ಕಳಿಗಿಂತ ಹೆಚ್ಚು ಜಾಗರೂಕತೆಯಿಂದ ಬಂಡಿಯನ್ನೇರುತ್ತಿದ್ದುವು. ಬಂಧುಗಳಿಲ್ಲದ ಊರಿನಲ್ಲಿ ಹೋಟೆಲನ್ನು ಆಶ್ರಯಿಸಬೇಕಾದಾಗಲಂತೂ ಕತೆಯೇ ಬೇರೆ. ಆಧುನಿಕ ಶಿಲ್ಪಿಗಳು ಅತಿಥಿಯ ಸುಖಕ್ಕೆಂದು ಮಾಡಿದ ಏರ್ಪಾಡುಗಳೆಲ್ಲವೂ ಸಬ್ಬತ್ತಿನ ಅತಿಥಿಗೆ ಒಂದೊಂದು ಬೋನು: ಹತ್ತಿರ ಸುಳಿದರೆ ತಾನಾಗಿ ತೆರೆಯುವ ಬಾಗಿಲು, ಕೈಯಾಡಿಸಿದರೆ ಹೊತ್ತಿಕೊಳ್ಳುವ ದೀಪ, ವಿದ್ಯುತ್ತಿನಿಂದ ತೆರೆಯುವ ಬೀಗ, ಬಾಗಿಲು ತೆಗೆದೊಡನೆ ಬೆಳಗುವ ಶೀತಪೆಟ್ಟಿಗೆ. ಆದುದರಿಂದ ಶುಕ್ರವಾರ ಮಧ್ಯಾಹ್ನ ಕೋಣೆಗೆ ಬಂದ ಯಜಮಾನನು ಮೊತ್ತಮೊದಲು ಶೀತಪೆಟ್ಟಿಗೆಯ ಬಲ್ಬನ್ನು ತಿರುಚಿ ತೆಗೆಯುತ್ತಾನೆ, ಸ್ನಾನಗೃಹದ ಕಾಗದದ ಸುರುಳಿಯನ್ನು ತುಂಡುತುಂಡಾಗಿ ಹರಿದಿಡುತ್ತಾನೆ (ಹರಿಯುವುದೂ ಆ 39ರ ಪೈಕಿಯದೇ), ಏಳನೆಯ ಮಹಡಿಯ ಕೋಣೆಯನ್ನು ಬೇಡವೆಂದು ಎರಡನೆಯದನ್ನು ಬೇಡಿಕೊಳ್ಳುತ್ತಾನೆ. ಇಸ್ರೇಲಿನ ಅನೇಕ ಹೋಟೆಲುಗಳಲ್ಲಾದರೋ, ಯಾರೂ ಗುಂಡಿಯೊತ್ತದೆಯೇ ಪ್ರತಿ ಮಹಡಿಯಲ್ಲಿಯೂ ತಾನಾಗಿ ನಿಂತು ನಿಂತು ಏರುವ ಸಬ್ಬತ್ ಲಿಫ್ಟು ಉಂಟು. ಅದರಲ್ಲಿ ಹನ್ನೆರಡನೆಯ ಮಹಡಿಯನ್ನು ಮುಟ್ಟುವಷ್ಟರಲ್ಲಿ ಸಹಪ್ರಯಾಣಿಕರ ವಂಶಾವಳಿಯೆಲ್ಲವೂ ತಿಳಿದುಬಿಡುತ್ತದೆ.

ಇಷ್ಟೆಲ್ಲ ಎಚ್ಚರವಿದ್ದರೂ ಮನುಷ್ಯನು ದಾರಿಯಲ್ಲಿಯೇ ಸಿಕ್ಕಿಬೀಳುವುದುಂಟೆಂಬ ಸತ್ಯವನ್ನು ಅವರ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಶುಕ್ರವಾರದ ಕತ್ತಲೆಯು ದಾರಿಯಲ್ಲಿ ಕವಿದರೆ ಪಯಣಿಗನು ತನ್ನ ಹಣದ ಚೀಲವನ್ನು ಜೊತೆಯಲ್ಲಿರುವ ಅನ್ಯಧರ್ಮೀಯನ ಕೈಗೆ ಕೊಡಬೇಕೆಂದೂ, ಅಂಥವನಿಲ್ಲದಿದ್ದರೆ ಕತ್ತೆಯ ಮೇಲೆ ಇಡಬೇಕೆಂದೂ ಮಿಶ್ನಾ ವಿಧಿಸುತ್ತದೆ. ಆದರೆ ಕತ್ತೆಗೂ ಸಬ್ಬತ್ತಿನ ವಿಶ್ರಾಂತಿಯು ಸಲ್ಲತಕ್ಕದ್ದಲ್ಲವೆ? ಅದಕ್ಕೆ ಮಿಶ್ನಾದ ವ್ಯಾಖ್ಯಾನವಾದ ತಾಲ್ಮುದಿನ ಪಂಡಿತರು ಸೂಚಿಸಿದ ಉಪಾಯವು ಇದು: ಕತ್ತೆಯು ನಡೆಯುತ್ತಿರುವಾಗ ಚೀಲವನ್ನು ಅದರ ಬೆನ್ನ ಮೇಲಿಡುವುದು, ಅದು ನಿಂತೊಡನೆ ತೆಗೆದುಕೊಳ್ಳುವುದು, ಮತ್ತೆ ನಡೆಯಲಾರಂಭಿಸಿದಾಗ ಮತ್ತೆ ಇಡುವುದು. ಕತ್ತೆಯ ಸ್ವಭಾವವನ್ನು ಬಲ್ಲವರು ಆ ಪುಣ್ಯಾತ್ಮನ ರಾತ್ರಿಯನ್ನು ಊಹಿಸಿಕೊಳ್ಳಬಹುದು. ಊರು ಸೇರಿದ ಮೇಲೆ ಕೈಯಿಂದ ಮುಟ್ಟಬಾರದ ಸರಕುಗಳು ಬೆನ್ನ ಮೇಲೆ ಉಳಿದಿದ್ದರೆ, ಹಗ್ಗವನ್ನು ಸಡಿಲಿಸಿದರೆ ಸಾಕು, ಮೂಟೆಗಳು ತಾವಾಗಿ ಕೆಳಗೆ ಬೀಳುತ್ತವೆ. ಹಣದ ವಿಷಯದಲ್ಲಿ ಮನುಷ್ಯನ ಸಂಯಮವು ಎಷ್ಟರಮಟ್ಟಿನದೆಂಬುದನ್ನು ಅರಿತೇ ಈ ವಿನಾಯಿತಿಯನ್ನು ಕೊಟ್ಟೆವೆಂದು ಆ ಪಂಡಿತರು ಮರೆಮಾಚದೆ ಒಪ್ಪಿಕೊಂಡಿರುವುದನ್ನು ಓದಿದಾಗ, ಇವರು ಗ್ರಂಥಗಳನ್ನು ಬಲ್ಲಂತೆಯೇ ಸಂತೆಯನ್ನೂ ಬಲ್ಲವರೆಂದು ನನಗೆ ಅವರಲ್ಲಿ ಗೌರವವು ಇಮ್ಮಡಿಯಾಯಿತು.

ಸಬ್ಬತ್ತಿನಂದು ಕಾಲ್ನಡಿಗೆಗೂ ಎಲ್ಲೆಯಿದೆ. ಊರಿನ ಅಂಚಿನಿಂದ 2000 ಮೊಳ, ಎಂದರೆ ಹೆಚ್ಚುಕಡಮೆ ಒಂದು ಕಿಲೋಮೀಟರು, ಅದರಾಚೆಗೆ ಹೆಜ್ಜೆಯಿಡಕೂಡದು. ಅದರಾಚೆಗೆ ಹೋಗಲೇಬೇಕಾದವನು ಶುಕ್ರವಾರವೇ ಆ ಎಲ್ಲೆಯಲ್ಲಿ ಎರಡು ಊಟದ ಬುತ್ತಿಯನ್ನು ಇಟ್ಟು ಬಂದರೆ, ಶಾಸ್ತ್ರದೃಷ್ಟಿಯಲ್ಲಿ ಅವನ ನಿವಾಸವು ಆ ಬುತ್ತಿಯಿದ್ದಲ್ಲಿಗೆ ವರ್ಗವಾಗಿ, ಅಲ್ಲಿಂದ ಮುಂದಕ್ಕೆ ಇನ್ನೊಂದು 2000 ಮೊಳವು ಅವನಿಗೆ ದೊರೆಯುತ್ತದೆ. ಆ ಕಡೆ ಗಳಿಸಿದಷ್ಟನ್ನು ಈ ಕಡೆ ಕಳೆದುಕೊಳ್ಳುತ್ತಾನೆ. ಹೊರಡುವ ದಿನ ಮುಹೂರ್ತವು ಕೂಡಿಬಾರದಿದ್ದರೆ ಹಿಂದಿನ ದಿನವೇ ಬಟ್ಟೆಯ ಗಂಟೊಂದನ್ನು ನೆರೆಮನೆಯಲ್ಲಿರಿಸಿ, ಪ್ರಸ್ಥಾನವಾಯಿತೆಂದು ಸಾರಿ, ಮನೆಗೆ ಮರಳಿ ಉಂಡು ಮಲಗುತ್ತಿದ್ದ ನಮ್ಮ ಹಿರಿಯರಿಗೆ ಈ ತರ್ಕವನ್ನು ಯಾರೂ ವಿವರಿಸಿ ಹೇಳಬೇಕಾಗುತ್ತಿರಲಿಲ್ಲ. ಸಮುದ್ರದ ಮೇಲೆ ಈ ಲೆಕ್ಕವು ಮತ್ತಷ್ಟು ಜಟಿಲವಾಗುತ್ತದೆ. ಪ್ರಾಚೀನ ಪಂಡಿತರಾದ ರಬ್ಬಾನ್ ಗಮಲಿಯೇಲನೂ ರಬ್ಬಿ ಅಕಿವನೇ ಮೊದಲಾದವರೂ ಇಟಲಿಯ ಬ್ರಿಂಡಿಸಿಯಿಂದ ಬರುತ್ತಿದ್ದಾಗ ಹಡಗು ಸಬ್ಬತ್ತಿನಂದೇ ಸಾಗಿಬಿಟ್ಟಿತಂತೆ. ಗಮಲಿಯೇಲನು ಹಡಗಿನ ತುಂಬ ನಿರಾತಂಕವಾಗಿ ಅಡ್ಡಾಡಿದನು. ಅಕಿವನು ನಾಲ್ಕು ಮೊಳದಾಚೆ ಕದಲಲಿಲ್ಲ. ಇನ್ನೊಮ್ಮೆ ಹಡಗು ಬಂದರನ್ನು ಸೇರುವಷ್ಟರಲ್ಲಿ ಕತ್ತಲಾಗಿರಲು, ಇಳಿಯಬಹುದೇ ಎಂದು ಎಲ್ಲರೂ ಕಳವಳಿಸುತ್ತಿದ್ದಾಗ, ಕತ್ತಲಾಗುವ ಮೊದಲೇ ನಾವು ಎಲ್ಲೆಯೊಳಗಿದ್ದುದನ್ನು ನಾನು ಗಮನಿಸಿದ್ದೇನೆಂದು ಹೇಳಿ ಗಮಲಿಯೇಲನು ಎಲ್ಲರನ್ನೂ ಇಳಿಸಿದನು. 2000 ಮೊಳದ ದೂರವನ್ನು ಕಣ್ಣಿನಿಂದಲೇ ಅಳೆಯುವುದಕ್ಕೆ ಆತನ ಬಳಿ ಒಂದು ಕೊಳವೆಯಿತ್ತೆಂದು ತಾಲ್ಮುದ್ ಹೇಳುತ್ತದೆ. ಸಹಪ್ರಯಾಣಿಕನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ, ಅಕಿವನ ಪಾಂಡಿತ್ಯಕ್ಕೆ ದೂರದಿಂದ ಕೈಮುಗಿದು, ನಾನು ಕೊಳವೆಯುಳ್ಳವನ ಪಕ್ಕದಲ್ಲಿ ಕುಳಿತೇನು.

ಕಾಡುದಾರಿಯಲ್ಲಿ ದಿನಗಳ ಲೆಕ್ಕವೇ ತಪ್ಪಿಹೋದವನ ಪಾಡೇನು? ಆರು ದಿನ ಎಣಿಸಿ ಏಳನೆಯದನ್ನು ಆಚರಿಸಲಿ, ಏಕೆಂದರೆ ಜಗತ್ಸೃಷ್ಟಿಯ ಕ್ರಮವದು ಎಂದನು ತಾಲ್ಮುದಿನ ಪಂಡಿತ ಹೂನ. ಮೊದಲು ಒಂದು ದಿನ ಆಚರಿಸಿ ಆಮೇಲೆ ಆರನ್ನು ಎಣಿಸಲಿ, ಏಕೆಂದರೆ ಆದಿಮಾನವನ ಬಾಳು ಆರಂಭವಾದ ಕ್ರಮವದು ಎಂದನು ಇನ್ನೊಬ್ಬ ಪಂಡಿತ ಹಿಯ್ಯ. ಇದು ಕೇವಲ ವಾಗ್ವಿಲಾಸವೆಂದು ನಗುವವರು 1941ನೆಯ ಇಸವಿಯನ್ನು ನೆನೆಯತಕ್ಕದ್ದು. ಲಿಥುವೇನಿಯದ ಕೌನಸ್ ಪಟ್ಟಣದಲ್ಲಿದ್ದ ಜಪಾನಿನ ರಾಯಭಾರ ಪ್ರತಿನಿಧಿ ಚಿಯುನೆ ಸುಗಿಹರ ಎಂಬ ಮಹಾನುಭಾವನು 1940ರಲ್ಲಿ ಬರೆದುಕೊಟ್ಟ ರಹದಾರಿಗಳನ್ನು ಹಿಡಿದು, ಸೈಬೀರಿಯವನ್ನು ದಾಟಿ, ಜಪಾನಿನ ಕೋಬೆ ನಗರವನ್ನು ಸೇರಿದ ಯೆಹೂದ್ಯ ನಿರಾಶ್ರಿತರಿಗೆ, ಜೀವವುಳಿದ ಸಮಾಧಾನದ ಬೆನ್ನಿಗೇ ಈ ಸಂದೇಹವು ತಲೆದೋರಿತು: ದಿನರೇಖೆಯು ಎಲ್ಲಿ ಹಾಯುತ್ತದೆ, ಇಲ್ಲಿಯ ಶನಿವಾರವು ನಿಜವಾದ ಶನಿವಾರವೇ, ಪ್ರಾಯಶ್ಚಿತ್ತದ ಮಹೋಪವಾಸವನ್ನು ಯಾವ ದಿನ ಮಾಡಬೇಕು? ಯೆರೂಸಲೇಮಿನ ಪಂಡಿತರ ಸಭೆಯು ಬುಧವಾರವೆಂದಿತು. ಹಜೋನ್ ಈಶ್ ಎಂದು ಪ್ರಖ್ಯಾತನಾದ ಇನ್ನೊಬ್ಬ ಮಹಾಪಂಡಿತನು, ಬುಧವಾರ ಉಣ್ಣಿರಿ, ಗುರುವಾರ ಉಪವಾಸವಿರಿ ಎಂದು ತಂತಿಯ ಮೂಲಕ ತೀರ್ಪಿತ್ತನು. ಪ್ರಾಣಭಯದಿಂದ ಅರ್ಧ ಭೂಮಂಡಲವನ್ನು ಸುತ್ತಿ ಬಂದವರು ಮೊದಲು ವಿಚಾರಿಸಿದ ಸಂಗತಿಗಳಲ್ಲಿ, ಇವತ್ತು ಯಾವ ವಾರವೆಂಬುದೂ ಒಂದಾಗಿತ್ತು.

ಹಬ್ಬಗಳು ಸಮೀಪಿಸಿದಾಗ ಈ ತೊಡಕುಗಳೆಲ್ಲವೂ ಗುಣಾಕಾರದಿಂದ ವೃದ್ಧಿಯಾಗುತ್ತವೆ. ಅಮಾವಾಸ್ಯೆ ಕಳೆದು ಮೂಡಿದ ಚಂದ್ರರೇಖೆಯನ್ನು ಸಾಕ್ಷಿಗಳು ಕಂಡು ಹೇಳಿದ ಮೇಲೆ, ಬೆಟ್ಟದಿಂದ ಬೆಟ್ಟಕ್ಕೆ ಪಂಜುಗಳನ್ನು ಬೀಸಿ ಮಾಸಾರಂಭವನ್ನು ದೂರದೇಶಗಳಿಗೆ ಸಾರುವ ಪದ್ಧತಿಯು ಪೂರ್ವದಲ್ಲಿ ಇತ್ತು. ವಿರೋಧಿಗಳಾದ ಸಮಾರ್ಯದವರು ತಪ್ಪು ದಿನದಲ್ಲಿ ಪಂಜು ಬೀಸಿ ಚೇಷ್ಟೆ ಮಾಡಿದುದರಿಂದ ದೂತರನ್ನು ಕಳುಹಿಸಬೇಕಾಯಿತು. ದೂತರು ಮುಟ್ಟದಷ್ಟು ದೂರವಿದ್ದವರು ಸಂದೇಹನಿವೃತ್ತಿಗಾಗಿ ಹಬ್ಬದ ಒಂದು ದಿನವನ್ನು ಎರಡಾಗಿ ಆಚರಿಸತೊಡಗಿದರು. ಪಂಚಾಂಗವು ಗಣಿತಕ್ಕೆ ವಶವಾಗಿ ಶತಮಾನಗಳೇ ಕಳೆದರೂ ಆ ಎರಡನೆಯ ದಿನವು ಪರದೇಶವಾಸಿಗಳನ್ನು ಬಿಟ್ಟಿಲ್ಲ. ಆದಕಾರಣ ಪಸ್ಕ ಹಬ್ಬಕ್ಕೆಂದು ಲಂಡನ್ನಿನಿಂದ ಯೆರೂಸಲೇಮಿಗೆ ಹೋದ ನನ್ನ ನೆರೆಯವರಿಗೆ ಹಬ್ಬವು ಎಂಟು ದಿನ, ಅವರನ್ನು ಬರಮಾಡಿಕೊಂಡ ತಮ್ಮನ ಮನೆಯವರಿಗೆ ಏಳೇ ದಿನ. ಎಂಟನೆಯ ದಿನ ತಮ್ಮನು ಹುಳಿಹಿಟ್ಟಿನ ರೊಟ್ಟಿಯ ಯೋಚನೆಯಲ್ಲಿ ಪೇಟೆಯ ಕಡೆ ನೋಡುತ್ತಿರಲು, ಅಣ್ಣನು ಹಬ್ಬದ ಉಡುಪು ತೊಟ್ಟು ಅಪ್ಪಳಿಸಿ ಸುಟ್ಟ ಹುಳಿಯಿಲ್ಲದ ರೊಟ್ಟಿಯನ್ನು ಕಟಕಟನೆ ಕಡಿಯುತ್ತಿದ್ದನಂತೆ. ಪರ್ಣಶಾಲೆಗಳ ಹಬ್ಬದ ಕಾಲದಲ್ಲಿ ಪ್ರಯಾಣಮಾಡುವವರ ಸಂಕಟವಾದರೋ ಎತ್ರೋಗ್ ಎಂಬ ಮಾದಳದ ಹಣ್ಣಿನದು. ಅದರ ತುದಿಯ ಮೊಗ್ಗು ಮುರಿದರೆ ಹಣ್ಣು ಪೂಜೆಗೆ ನಿಷಿದ್ಧವಾಗುವುದರಿಂದ, ನಾರಿನ ಹಾಸಿಗೆಯಲ್ಲಿ ಪವಡಿಸಿದ ಆ ಹಣ್ಣಿಗೆ ಮಡಿಲು, ಮಕ್ಕಳಿಗೆ ನೆಲ.

ಆಕಾಶಯಾನದ ಯುಗವು ಇದನ್ನೆಲ್ಲ ಹಳತಾಗಿಸೀತೆಂದು ನಂಬಿದವರು ನಿರಾಶರಾದರು. ಇಸ್ರೇಲಿನ ಎಲ್ ಆಲ್ ಸಂಸ್ಥೆಯ ವಿಮಾನಗಳು ಸಬ್ಬತ್ತಿನಂದೂ ಹಬ್ಬಗಳಂದೂ ಹಾರಕೂಡದೆಂದು 1982ರಲ್ಲಿ ಪ್ರಧಾನಿ ಬೇಗಿನ್ ಅವರ ಸರಕಾರವು ನಿರ್ಣಯಿಸಿತು. 2018ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹಿಮಪಾತದಿಂದ ತಡವಾಗಿ ಹೊರಟ ವಿಮಾನವೊಂದು ಸೂರ್ಯನೊಡನೆ ಪಂದ್ಯವನ್ನು ಗೆಲ್ಲಲಾರದೆ ಅಥೆನ್ಸಿನಲ್ಲಿ ಇಳಿಯಿತು. ನಿಷ್ಠಾವಂತರು ಸಾಕ್ರಟೀಸನ ಊರಿನಲ್ಲಿ ಸಬ್ಬತ್ತನ್ನು ಕಳೆದರು, ಮಿಕ್ಕವರು ಬೇರೆ ವಿಮಾನವೇರಿ ಮುಂದುವರಿದರು. ಪುರಾತನರ ಕತ್ತೆಯ ಜಾಗದಲ್ಲಿ ಈಗ ವಿಮಾನವು ನಿಂತಿದೆ, ಅಷ್ಟೆ.

ಯೆಹೂದ್ಯರ ಧರ್ಮವು ನಿರ್ದಯವೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ಪ್ರಾಣವುಳಿಸುವ ಪ್ರಸಂಗ ಬಂದರೆ ಸಬ್ಬತ್ತಿನ ನಿಷೇಧಗಳು ಬದಿಗೆ ಸರಿಯುತ್ತವೆ. ಆಗ ಬಂಡಿಯನ್ನು ಓಡಿಸುವುದೇ ಕರ್ತವ್ಯ, ತಡೆಯುವುದೇ ಪಾಪ. ಗೋಲ್ಡರ್ಸ್ ಗ್ರೀನಿನಲ್ಲಿಯೇ 2003ರಲ್ಲಿ ಕಂಬಗಳನ್ನು ನೆಟ್ಟು ತಂತಿಯೆಳೆದು ಬಡಾವಣೆಯ ಸುತ್ತ ಒಂದು ಶಾಸ್ತ್ರೋಕ್ತ ಆವರಣವನ್ನು ಪೂರ್ಣಗೊಳಿಸಿದ ಮೇಲೆ, ಬೀದಿಯೇ ಮನೆಯಂಗಳವೆನಿಸಿ, ಅಲ್ಲಿಯವರೆಗೆ ಹಸುಗೂಸುಗಳೊಡನೆ ಮನೆಯಲ್ಲಿಯೇ ಉಳಿಯುತ್ತಿದ್ದ ತಾಯಂದಿರು ಕೂಸಿನ ಗಾಡಿಯನ್ನು ತಳ್ಳಿಕೊಂಡು ಪ್ರಾರ್ಥನಾಮಂದಿರಕ್ಕೆ ಹೋಗತೊಡಗಿದರು. ಕಾಲದ ವಿಷಯದಲ್ಲಿ ಒಂದು ನಿಮಿಷವನ್ನೂ ಬಿಟ್ಟುಕೊಡದ ಈ ಶಾಸ್ತ್ರವು, ತಡವಾಗಿ ಬಂದ ಮನುಷ್ಯನ ವಿಷಯದಲ್ಲಿ ಇಷ್ಟೊಂದು ಮಮತೆಯನ್ನು ತೋರಿರುವುದೇ ಅದರ ಸೊಗಸು. ನಮ್ಮ ನೆರೆಯ ಕೊಂಕಣದ ಕರಾವಳಿಯಲ್ಲಿ ನೆಲಸಿದ ಬೆನೆ ಇಸ್ರೇಲರು, ಹಡಗೊಡೆದು ದಡಕ್ಕೆ ಬಂದವರ ಸಂತತಿ ತಾವೆಂದು ಹೇಳಿಕೊಳ್ಳುವವರು, ಗ್ರಂಥಗಳನ್ನೂ ಹೀಬ್ರೂ ಭಾಷೆಯನ್ನೂ ಬಹುಮಟ್ಟಿಗೆ ಮರೆತರೂ, ಶನಿವಾರ ಗಾಣ ತಿರುಗಿಸುವುದನ್ನು ಮಾತ್ರ ಒಪ್ಪದೆ ‘ಶನಿವಾರ ತೇಲಿ’ಗಳೆಂದು, ಎಂದರೆ ಶನಿವಾರದ ಗಾಣಿಗರೆಂದು, ಪ್ರಸಿದ್ಧರಾದರು. ಎಲ್ಲ ಸಾಮಾನು ಕಳೆದರೂ ಆ ಒಂದು ದಿನವನ್ನು ಅವರು ದಡಕ್ಕೆ ತಂದಿದ್ದರು.

ಕಡೆಯದಾಗಿ ವಾಚಕ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ. ಶುಕ್ರವಾರ ಮಧ್ಯಾಹ್ನ ನಿಮ್ಮ ಮನೆಗೆ ಬಂದ ಯೆಹೂದ್ಯ ಮಿತ್ರನು ಮಾತಿನ ನಡುವೆ ಕಿಟಕಿಯ ಕಡೆ ನೋಡಲಾರಂಭಿಸಿದರೆ, ನಮ್ಮವರ ಉಪಚಾರಬುದ್ಧಿಯಿಂದ ಇನ್ನೊಂದು ಲೋಟ ಕಾಫಿ ಆಗಲೆಂದು ಒತ್ತಾಯಿಸಬೇಡಿ. ಅವನ ಕೊಡೆಯನ್ನೂ ಟೋಪಿಯನ್ನೂ ನೀವೇ ತಂದುಕೊಟ್ಟು ಬಾಗಿಲು ತೆರೆಯಿರಿ. ಬೇಕಾದರೆ ಶನಿವಾರ ರಾತ್ರಿ ಮೂರು ನಕ್ಷತ್ರಗಳು ಕಂಡ ಮೇಲೆ ಕರೆಯಿರಿ. ಅವನು ಖಂಡಿತ ಬಂದಾನು, ಬಂದವನು ಬೇಗನೆ ಏಳನು.