ಅಂಗಾಲು ಪ್ರಮಾಣ: ದೋಣಿಯ ತರಿನೆಲದ ಕಲೆಗಳ ಕುರಿತು ಒಂದು ಶಾಸ್ತ್ರವಿಚಾರ

ದೋಣಿಯ ಡೆಕ್ಕಿನ ಮೇಲೆ ಕಾಲು ಜಾರದಿರಲೆಂದು ಮೂಡಿಸುವ ತರಿತರಿ ನೆಲದಿಂದ ಕಲೆ ತೆಗೆಯುವುದು ಹೇಗೆ ಎಂಬುದು ಮೇಲ್ನೋಟಕ್ಕೆ ಬ್ರಷ್ಷಿಗೂ ಬಕೆಟ್ಟಿಗೂ ಸೇರಿದ ವಿಷಯ. ಅದಕ್ಕೇ ಇರಬೇಕು, ವಿದ್ವಾಂಸರು ಇದರ ಗೊಡವೆಗೆ ಹೋಗಿಲ್ಲ. ಆತ್ಮಕ್ಕೆ ಅಂಟಿದ ಮಲವನ್ನು ಕಳೆಯುವ ಬಗೆ ಕುರಿತು ಈ ನಾಡಿನಲ್ಲಿ ಶತಮಾನಗಟ್ಟಲೆ ವಾದ ನಡೆದಿದೆ. ಫೈಬರ್ ದೋಣಿಗೆ ಅಂಟಿದ ಬೂತಾಯಿಯ ರಕ್ತದ ಬಗ್ಗೆ ಮಾತ್ರ ಒಂದು ಕಾರಿಕೆಯಿಲ್ಲ, ಕಾರಿಕೆಗೆ ಟೀಕೆಯಿಲ್ಲ, ಟೀಕೆಗೆ ಟಿಪ್ಪಣಿಯಂತೂ ಕೇಳಲೇಬೇಡಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು, ಗಂಗೊಳ್ಳಿಗಳಲ್ಲಿ ಬೋಟುಗಳು ತಿಕ್ಕಿಸಿಕೊಳ್ಳುವುದು, ಬಣ್ಣ ಬಳಿಸಿಕೊಳ್ಳುವುದು ಆಗಲೇ. ಅರ್ಧ ಚಾತುರ್ಮಾಸ್ಯದಷ್ಟು ಬಿಡುವು ವರ್ಷಾವರ್ಷ ಸಿಕ್ಕಿಯೂ ಒಂದು ಶಾಸ್ತ್ರ ಹುಟ್ಟಲಿಲ್ಲವೆಂದರೆ ತಪ್ಪು ಕಲೆಯದ್ದಲ್ಲ. ಆ ಕೊರತೆಯನ್ನು ತುಂಬಲು ಹೊರಟ ಈ ಪ್ರಬಂಧದ ಪ್ರತಿಜ್ಞೆ ಇಷ್ಟು: ತರಿನೆಲ ಸ್ವಚ್ಛವಾಯಿತೋ ಇಲ್ಲವೋ ಎಂದು ತೀರ್ಪು ಹೇಳುವ ಅಧಿಕಾರ ಕಣ್ಣಿಗಿಲ್ಲ, ಅಂಗಾಲಿಗಿದೆ.

ಮೊದಲು ನೆಲದ ಸ್ವರೂಪವನ್ನು ನೋಡಬೇಕು. ಫೈಬರ್ ದೋಣಿಯ ಹೊರಮೈ ಜೆಲ್‌ಕೋಟ್ ಎಂಬ ರಾಳದ ಪದರ, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಚ್ಚಿನಲ್ಲಿರುವಾಗಲೇ ಅದರ ಮೇಲೆ ವಜ್ರಾಕಾರದ ಸಣ್ಣ ಸಣ್ಣ ಉಬ್ಬುಗಳು ಮೂಡುತ್ತವೆ. ಅಚ್ಚಿನ ಭಾಗ್ಯವಿಲ್ಲದ ಕಡೆ ಹಸಿ ಪೇಂಟಿನ ಮೇಲೆ ಮರಳು ಉದುರಿಸಿ ಅದೇ ಫಲ ಪಡೆಯುವುದುಂಟು. ಹೇಗೇ ಮಾಡಿರಲಿ, ಒಂದೇ ಎಂದುಕೊಂಡ ನೆಲ ವಾಸ್ತವವಾಗಿ ಎರಡು: ಮೇಲೆ ಶಿಖರ, ಕೆಳಗೆ ಕಣಿವೆ. ಕಾಲು ಊರುವುದು ಶಿಖರದ ಮೇಲೆ. ಬ್ರಷ್ಷಿನ ಎಳೆಗಳು ಬಾಗಿ ಸವರಿಕೊಂಡು ಹೋಗುವುದೂ ಬಹುಪಾಲು ಶಿಖರವನ್ನೇ. ಕಲೆಯ ಬಿಡಾರ ಮಾತ್ರ ಕಣಿವೆಯಲ್ಲಿ. ಸಪಾಟು ಮೈಯನ್ನು ತೋಯಿಸುವ ದ್ರವ ಒರಟು ಮೈಯನ್ನು ಇನ್ನಷ್ಟು ಚೆನ್ನಾಗಿ ತೋಯಿಸುತ್ತದೆ ಎಂದು ರಾಬರ್ಟ್ ವೆನ್ಜೆಲ್ 1936ರಲ್ಲೇ ಸೂತ್ರ ಬರೆದಿಟ್ಟಿದ್ದಾನೆ. ಆದ್ದರಿಂದ ಮೀನಿನ ನೆತ್ತರು, ಡೀಸೆಲ್, ತುಕ್ಕಿನ ನೀರು ಎಲ್ಲವೂ ಈ ನೆಲದಲ್ಲಿ ನೆಂಟರ ಮನೆಯಲ್ಲಿ ಕೂತಂತೆ ಕೂರುತ್ತವೆ, ಎಬ್ಬಿಸಿದರೂ ಏಳುವುದಿಲ್ಲ. ಇಲ್ಲಿ ಗಮನಿಸಬೇಕಾದ ಚಮತ್ಕಾರವೊಂದಿದೆ. ಕಾಲು ತಾಕುವ ಜಾಗ ಮತ್ತು ಬ್ರಷ್ ತಾಕುವ ಜಾಗ ಒಂದೇ. ಅಂದರೆ ಕಾಲಿಗೆ ಬೇಕಾದಷ್ಟು ಸ್ವಚ್ಛತೆ ಸಾಧಾರಣ ಬ್ರಷ್ಷಿನ ಮೊದಲ ಸುತ್ತಿನಲ್ಲೇ ಮುಗಿದಿರುತ್ತದೆ. ಅದಾದ ಮೇಲೆ ಮಂಡಿಯೂರಿ ತಿಕ್ಕುವುದೆಲ್ಲ, ಕಣಿವೆಗೆ ಇಣುಕುವ ಚಪಲವಿರುವ ಏಕೈಕ ಇಂದ್ರಿಯವಾದ ಕಣ್ಣಿನ ತೃಪ್ತಿಗೆ.

ಕಣಿವೆಯಲ್ಲಿರುವುದೆಲ್ಲ ಹಾಗಾದರೆ ನಿರುಪದ್ರವಿಯೇ? ಅಲ್ಲ. ನೀರು ಹರಿದುಹೋಗಲೆಂದೇ ಕಣಿವೆಯಿರುವುದು. ಅದು ಹೂಳಿಂದ ತುಂಬಿದರೆ ಶಿಖರ ಮುಳುಗುತ್ತದೆ, ತರಿನೆಲ ಸಪಾಟು ನೆಲವಾಗುತ್ತದೆ. ಆದ್ದರಿಂದ ಒಂದು ವಿಭಾಗ ಮಾಡಿಕೊಳ್ಳುವುದು ಅನಿವಾರ್ಯ: ದಪ್ಪವಿರುವುದು ಕೊಳೆ, ಬರೀ ಬಣ್ಣವಿರುವುದು ಕಲೆ. ಪರೀಕ್ಷೆಗೆ ಪ್ರಯೋಗಾಲಯ ಬೇಡ, ಉಗುರು ಸಾಕು. ಎರಡು ಉಬ್ಬುಗಳ ನಡುವೆ ತೋರುಬೆರಳ ಉಗುರಿಟ್ಟು ಎಳೆದಾಗ ಬೂದುಬಣ್ಣದ ಜಿಡ್ಡು ಉಗುರಿನಡಿ ಸುರುಳಿಯಾಗಿ ಬಂದು, ಜೊತೆಗೆ ಒಂದೆರಡು ಪೊರೆಯೂ ಸಿಕ್ಕಿದರೆ ಅದು ಕೊಳೆ, ತೆಗೆಯಲೇಬೇಕು. ಉಗುರು ಖಾಲಿ ಬಂದು, ನೆಲ ಹಾಗೇ ಕಂದಾಗಿ ಉಳಿದರೆ ಅದು ಕಲೆ, ಅದಕ್ಕೆ ದೋಣಿಯ ವಯಸ್ಸೆಂದು ಹೆಸರಿಟ್ಟು ಸುಮ್ಮನಾಗಬಹುದು. ನೆಲಕ್ಕೂ ಕಲೆಗೂ ಇರುವುದು ಭೇದವೋ ಅಭೇದವೋ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಮಲ್ಪೆಗೆ ಕೂಗಳತೆಯಲ್ಲೇ ಉಡುಪಿಯಿರುವುದರಿಂದ ಈ ಪ್ರಬಂಧ ತತ್ತ್ವತಃ ಭೇದವನ್ನೇ ಒಪ್ಪುತ್ತದೆ. ಆದರೆ ಬ್ರಷ್ ಹಿಡಿದವನ ಅನುಭವ ಸಂಜೆಯ ಹೊತ್ತಿಗೆ ಅದ್ವೈತದ ಕಡೆ ವಾಲುತ್ತದೆ ಎಂಬುದನ್ನೂ ಅಲ್ಲಗಳೆಯುವುದಿಲ್ಲ.

ಕಲೆಯ ಹಟ ಎಂಥದೆಂಬುದಕ್ಕೆ ಬೊಂಡಾಸಿಗಿಂತ, ಅಂದರೆ ಸ್ಕ್ವಿಡ್ಡಿಗಿಂತ, ದೊಡ್ಡ ಸಾಕ್ಷಿ ಬೇಕಿಲ್ಲ. ಬಲೆಯಿಂದ ಡೆಕ್ಕಿಗೆ ಬಿದ್ದ ಬೊಂಡಾಸ್, ಕಪ್ಪೆ ಬೊಂಡಾಸ್ ಸಿಟ್ಟಿನಲ್ಲೋ ಭಯದಲ್ಲೋ ಕಾರುವ ಮಸಿಯ ಬಣ್ಣ ಮೆಲನಿನ್. ಅದು ನೀರಿನಲ್ಲಿ ಕರಗುವುದಿಲ್ಲ. ಇಂಗ್ಲೆಂಡಿನ ಜುರಾಸಿಕ್ ಯುಗದ ಬಂಡೆಯಲ್ಲಿ ಸಿಕ್ಕಿದ ಈ ಜಾತಿಯ ಪ್ರಾಣಿಯ ಮಸಿಚೀಲವನ್ನು ಪರೀಕ್ಷಿಸಿ, ಸುಮಾರು 16 ಕೋಟಿ ವರ್ಷದ ಹಿಂದಿನ ಆ ಮೆಲನಿನ್ ಇಂದಿನದಕ್ಕಿಂತ ಹೆಚ್ಚೇನೂ ಬೇರೆಯಾಗಿಲ್ಲ ಎಂದು ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ, 1833ರಲ್ಲಿ, ಎಲಿಜಬೆತ್ ಫಿಲ್ಪಾಟ್ ಎಂಬಾಕೆ ಇಂಥ ಪಳೆಯುಳಿಕೆಯ ಮಸಿಯನ್ನೇ ತೇದು ಇಕ್ತಿಯೊಸಾರಸ್‌ನ ತಲೆಬುರುಡೆಯ ಚಿತ್ರ ಬರೆದಿದ್ದಳು. ಡೈನೊಸಾರ್‌ಗಳು ಅಳಿದುಹೋದದ್ದನ್ನು ನೋಡಿಕೊಂಡು ಸುಮ್ಮನಿದ್ದ ವಸ್ತುವಿನ ಮುಂದೆ ಹತ್ತು ರೂಪಾಯಿಯ ಸೋಪಿನ ಪುಡಿ ಇಟ್ಟು ಫಲ ನಿರೀಕ್ಷಿಸುವುದು ಸಾಹಸವೇ ಸರಿ. ಅದೇ ಮಸಿಯ ಕಲೆಯ ಮೇಲೆ, ಜಿಡ್ಡು ತೊಳೆದು ಒಣಗಿದ ಬಳಿಕ, ಯಾವ ಕಲಾಸಿಯೂ ಜಾರಿ ಬೀಳುವ ಕಾರಣವಿಲ್ಲ. ಜಾರಿಸುವ ಪದಾರ್ಥಗಳೇ ಬೇರೆ: ಬಂಗುಡೆಯ ಮೈಲೋಳೆ, ಮೀನೆಣ್ಣೆಯ ತೆಳುಪೊರೆ, ಸರಿಯಾಗಿ ತೊಳೆಯದೆ ಬಿಟ್ಟ ಸೋಪು, ಮೆರುಗಿಗೆಂದು ತಿಕ್ಕಿದ ಮೇಣ. ಇವುಗಳಲ್ಲಿ ಒಂದಕ್ಕೂ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಕಣ್ಣಿಗೆ ರಾಚುವುದು ಜಾರಿಸುವುದಿಲ್ಲ, ಜಾರಿಸುವುದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಹೇತು ಇಲ್ಲಿ ಸಿದ್ಧವಾಯಿತು.

ಈ ಹೇತುವಿಗೆ ಸಾಂಖ್ಯರ ಕಡೆಯಿಂದ ಒಂದು ಗಂಭೀರ ಆಕ್ಷೇಪ ಬರಬಹುದು. ಪಾದವೆಂಬುದು ಕರ್ಮೇಂದ್ರಿಯ, ಅದರ ಕೆಲಸ ನಡೆಯುವುದು. ಜ್ಞಾನ ಹುಟ್ಟಿಸುವ ಶಕ್ತಿ ಅದಕ್ಕೆಲ್ಲಿಂದ? ಪರಿಹಾರ ಸುಲಭ. ಪಾದ ಕರ್ಮೇಂದ್ರಿಯವೇ ಆದರೂ ಅದರ ಅಡಿಯ ಚರ್ಮ ತ್ವಗಿಂದ್ರಿಯ, ಅದು ಜ್ಞಾನೇಂದ್ರಿಯಗಳ ಪಟ್ಟಿಯಲ್ಲೇ ಇದೆ. ಹೀಗೆ ಒಂದೇ ಅಂಗದಲ್ಲಿ ಕರ್ಮವೂ ಜ್ಞಾನವೂ ಕೂಡಿದ್ದರಿಂದ ಅಂಗಾಲು ಕಣ್ಣಿಗಿಂತ ಒಂದು ಕೈ ಮೇಲು. ಕಣ್ಣು ತಪ್ಪು ತೀರ್ಪು ಕೊಟ್ಟರೆ ಬೀಳುವುದು ಬೇರೆಯವರು, ಅಂಗಾಲು ತಪ್ಪು ತೀರ್ಪು ಕೊಟ್ಟರೆ ಅದರ ಯಜಮಾನನೇ ಬೀಳುತ್ತಾನೆ. ಸಾಕ್ಷಿಯ ಪ್ರಾಮಾಣ್ಯಕ್ಕೆ ಇದಕ್ಕಿಂತ ಭದ್ರವಾದ ಜಾಮೀನು ಯಾವ ದರ್ಶನದಲ್ಲೂ ಇಲ್ಲ.

ಎರಡನೆಯ ಆಕ್ಷೇಪ ರಾಸಾಯನಿಕ ಸಂಪ್ರದಾಯದ್ದು. ಬ್ರಷ್ ಇಳಿಯದ ಕಣಿವೆಗೆ ದ್ರವ ಇಳಿಯುತ್ತದಲ್ಲ, ಕಣ್ಣನ್ನೂ ಮೆಚ್ಚಿಸಿಬಿಡೋಣ ಎನ್ನುತ್ತಾರೆ ಇವರು. ಮಾತಿನಲ್ಲಿ ಹುರುಳಿದೆ. ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲ ಹಾಕಿದರೆ ಅದು ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಮೀನಿನ ಸಾರಿಗೆ ಹಾಕುವ ಬಿಂಬುಳಿಯಲ್ಲೂ ಧಾರಾಳವಾಗಿರುವುದು ಇದೇ ಆಮ್ಲ, ಬಟ್ಟೆಗೆ ಹತ್ತಿದ ತುಕ್ಕನ್ನು ಬಿಂಬುಳಿ ರಸ ಬಿಡಿಸುವುದು ಹಾಗಾಗಿಯೇ. ಬೊಂಡಾಸಿನ ಮಸಿಯನ್ನು ಬ್ಲೀಚ್ ಬಿಳಿಚಿಸುತ್ತದೆ, 16 ಕೋಟಿ ವರ್ಷದ ಪ್ರತಿಷ್ಠೆಯನ್ನೂ ಲೆಕ್ಕಿಸುವುದಿಲ್ಲ. ತೊಂದರೆಯಿರುವುದು ಮದ್ದಿನಲ್ಲಲ್ಲ, ರೋಗನಿದಾನದಲ್ಲಿ. ಒಣಗಿದ ರಕ್ತವೂ ಕಂದು, ತುಕ್ಕೂ ಕಂದು, ಹಳೆಯ ಎಣ್ಣೆಯೂ ಕಂದು. ಕಣ್ಣು ಮೂರನ್ನೂ ಒಂದೇ ಖಾತೆಗೆ ಬರೆಯುತ್ತದೆ. ರಕ್ತವೆಂದು ತಿಳಿಯದೆ ಬಿಸಿನೀರು ಸುರಿದರೆ ಅದರ ಪ್ರೋಟೀನ್ ಮೊಟ್ಟೆಯಂತೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ತಣ್ಣೀರಾಗಿದ್ದರೆ ಬಿಡುತ್ತಿತ್ತು. ತುಕ್ಕೆಂದು ತಿಳಿಯದೆ ಬ್ಲೀಚ್ ಸುರಿದರೆ ತುಕ್ಕು ಹೋಗುವ ಬದಲು ಇನ್ನಷ್ಟು ಬೇರೂರುತ್ತದೆ. ಆಗ ತಾಳ್ಮೆಗೆಟ್ಟು, ಬ್ಲೀಚಿನ ಮೇಲೆಯೇ ಆಮ್ಲವನ್ನೂ ಸುರಿಯುವ ಮಹಾಸಮನ್ವಯವಾದಿಗಳಿದ್ದಾರೆ. ಅದರಿಂದ ಏಳುವುದು ಕ್ಲೋರಿನ್ ಅನಿಲ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪರ್‌ನಲ್ಲಿ ಜರ್ಮನ್ ಸೇನೆ ಎದುರಾಳಿಯ ಕಂದಕಗಳ ಮೇಲೆ ಬಿಟ್ಟದ್ದು ಇದನ್ನೇ. ಬೂತಾಯಿಯ ರಕ್ತದ ವಿರುದ್ಧ ಮೊದಲ ಮಹಾಯುದ್ಧದ ಆಯುಧ ಹೂಡುವುದು ಯುದ್ಧಧರ್ಮಕ್ಕೂ ಸಲ್ಲದು, ಮೂಗಿಗೂ ಸಲ್ಲದು. ಇದಿಷ್ಟು ತಮಾಷೆಯ ಮಾತಲ್ಲ, ನಿಜಕ್ಕೂ ಪ್ರಾಣಕ್ಕೆ ಎರವಾಗುವ ಸಂಗತಿ. ಅಲ್ಲದೆ ಸುರಿದದ್ದೆಲ್ಲ ಡೆಕ್ಕಿನ ತೂತಿನಿಂದ ಬಂದರಿನ ನೀರಿಗೇ ಇಳಿಯುತ್ತದೆ. ನಾಳೆ ಹಿಡಿಯಬೇಕಾದ ಮೀನಿಗೆ ಇವತ್ತೇ ಮದ್ದರೆದಂತೆ.

ತಿಕ್ಕುವ ಸಂಪ್ರದಾಯದ ಬಗ್ಗೆ ಇತಿಹಾಸವೇ ತೀರ್ಪು ಕೊಟ್ಟಾಗಿದೆ. ಬ್ರಿಟಿಷ್ ನೌಕಾಪಡೆಯಲ್ಲಿ ಮರದ ಡೆಕ್ಕನ್ನು ಮರಳುಗಲ್ಲಿನಿಂದ ಉಜ್ಜುವ ವ್ರತವಿತ್ತು. ಮಂಡಿಯೂರಿ ಮಾಡುವ ಕೆಲಸವಾದ್ದರಿಂದ ನಾವಿಕರು ದೊಡ್ಡ ಕಲ್ಲಿಗೆ ಬೈಬಲ್ ಎಂದೂ ಸಂದಿಗೊಂದಿಯ ಚಿಕ್ಕ ಕಲ್ಲಿಗೆ ಪ್ರಾರ್ಥನಾ ಪುಸ್ತಕ ಎಂದೂ ಹೆಸರಿಟ್ಟಿದ್ದರು. ಅಮೆರಿಕದ ನೌಕಾಪಡೆಯಲ್ಲೂ ಇದೇ ಪದ್ಧತಿ. ಡೆಕ್ಕು ಬೆಳ್ಳಗಾಗುತ್ತಿತ್ತು ನಿಜ, ಜೊತೆಗೆ ತೆಳ್ಳಗೂ ಆಗುತ್ತಿತ್ತು. ಕೊನೆಗೆ 1931ರಲ್ಲಿ, ಹಲಗೆ ಸವೆದುಹೋಗುತ್ತಿದೆಯೆಂದು ಅಮೆರಿಕದ ನೌಕಾಪಡೆ ಅದಕ್ಕೆ ತಡೆಯೊಡ್ಡಿತು. ಹಲಗೆಗಾದರೋ ಅಂಗುಲಗಳ ಬಂಡವಾಳವಿತ್ತು, ನಮ್ಮ ಜೆಲ್‌ಕೋಟಿನದು ಅರ್ಧ ಮಿಲಿಮೀಟರಿನ ಬಡತನ. ಒರಟು ಪುಡಿ ಹಾಕಿ ತಿಕ್ಕಿದಷ್ಟೂ ಮೊದಲು ಮೊಂಡಾಗುವುದು ಉಬ್ಬುಗಳ ಅಂಚು, ಅಂದರೆ ಕಾಲು ನಂಬಿ ನಿಂತ ಅಂಚು. ಆಮೇಲೆ ಹೊಳಪು ಹೋದ ರಾಳ ಬಿಸಿಲಿಗೆ ಪುಡಿಯೊಡೆದು, ಸೂಕ್ಷ್ಮ ರಂಧ್ರಗಳ ತುಂಬ ಹೊಸ ಕಲೆಗಳನ್ನು ಬರಮಾಡಿಕೊಳ್ಳುತ್ತದೆ. ತೊಳೆದದ್ದರಿಂದಲೇ ಮತ್ತೆ ತೊಳೆಯುವ ಅಗತ್ಯ ಹುಟ್ಟುತ್ತದೆ. ಇದಕ್ಕೆ ತರ್ಕದಲ್ಲಿ ಅನವಸ್ಥಾ ದೋಷವೆನ್ನುತ್ತಾರೆ, ಪುಡಿ ಮಾರುವವರು ವ್ಯಾಪಾರವೆನ್ನುತ್ತಾರೆ.

ಉಳಿದದ್ದು ತಾವರೆಯ ಆಕ್ಷೇಪ, ಇದು ಎಲ್ಲಕ್ಕಿಂತ ಸೊಗಸಾದದ್ದು. ಒರಟುತನವೇ ಕಲೆಗೆ ಕಾರಣವೆಂದರೆ ತಾವರೆ ಎಲೆಯೇಕೆ ಸದಾ ಶುಭ್ರ? ಅದರ ಮೈಯೂ ಉಬ್ಬುಗಳ ಸಂತೆ ಎಂದು ಜರ್ಮನಿಯ ಬಾರ್ಟ್‌ಲಾಟ್ ಮತ್ತು ನೈನ್‌ಹೌಸ್ 1997ರಲ್ಲಿ ತೋರಿಸಿಕೊಟ್ಟರಲ್ಲ? ತೋರಿಸಿಕೊಟ್ಟದ್ದು ನಿಜ. ಆದರೆ ಆ ಉಬ್ಬುಗಳು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನವು, ಮೇಲೆ ಮೇಣದ ಹರಳುಗಳು ಬೇರೆ. ನೀರು ಕಣಿವೆಗೆ ಇಳಿಯಲಾರದೆ ಗುಂಡಾಗಿ ಉರುಳುವಾಗ ಧೂಳನ್ನೂ ಹೊತ್ತುಕೊಂಡು ಹೋಗುತ್ತದೆ. ದೋಣಿಯ ಉಬ್ಬು ಅದರ ನೂರಾರು ಪಟ್ಟು ದೊಡ್ಡದು, ಅಲ್ಲಿ ನೀರಿನ ಹನಿ ಉರುಳುವುದಿಲ್ಲ, ಕಣಿವೆಗಿಳಿದು ಸಂಸಾರ ಹೂಡುತ್ತದೆ. ಹೋಗಲಿ, ಡೆಕ್ಕಿಗೆ ಮೇಣ ಹಚ್ಚಿ ತಾವರೆಯಾಗಿಸಿದೆವು ಎಂದೇ ಇಟ್ಟುಕೊಳ್ಳೋಣ. ಪದ್ಮಪತ್ರದ ಮೇಲೆ ನೀರು ನಿಲ್ಲುವುದಿಲ್ಲ ಎಂದು ಮೆಚ್ಚಿದವರುಂಟು, ಮನುಷ್ಯ ನಿಂತದ್ದನ್ನು ಯಾರೂ ದಾಖಲಿಸಿಲ್ಲ. ನಿರ್ಲಿಪ್ತತೆ ಯೋಗಿಗೆ ಭೂಷಣವಿರಬಹುದು. ಮಳೆಗಾಳಿಯಲ್ಲಿ ಹೊಯ್ದಾಡುವ ಬೋಟಿನ ಮೇಲೆ ಬಲೆ ಎಳೆಯುವವನಿಗೆ ಬೇಕಾದದ್ದು ನೆಲದ ಮೇಲಿನ ಗಾಢ ವ್ಯಾಮೋಹ.

ಕಲೆ ಕಾಣದಂತೆ ನೆಲಕ್ಕೇ ಕಪ್ಪು ಬಳಿದರಾಯಿತು ಎಂಬ ಚತುರರ ಸಲಹೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬರಿಗಾಲಿಟ್ಟ ಕೂಡಲೇ ಖಂಡಿತವಾಗುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಡಬೇಕಿಲ್ಲ. ತೆಳುಬೂದು ಬಣ್ಣವಾದರೆ ಅಡ್ಡಿಯಿಲ್ಲ. ಕೊನೆಯ ಆಕ್ಷೇಪ ಶುಚಿತ್ವದ್ದು: ಕಲೆ ಬಿಟ್ಟರೆ ರೋಗಾಣು ಬಿಟ್ಟಂತಲ್ಲವೇ? ರೋಗಾಣುಗಳು ಮನೆ ಕಟ್ಟುವುದು ಲೋಳೆಯಲ್ಲಿ, ಲೋಳೆಗೆ ದಪ್ಪವಿದೆ, ಉಗುರಿನ ಪರೀಕ್ಷೆಯಲ್ಲಿ ಅದು ಕೊಳೆಯೆಂದೇ ಸಿಕ್ಕಿಬಿದ್ದು ಸೋಪು ನೀರಿಗೆ ಹೋಗುತ್ತದೆ. ಕಲೆಗೆ ಆ ಅಪವಾದ ಹೊರಿಸುವುದು ಸಲ್ಲ.

ಇಷ್ಟಾದರೂ ಕಣ್ಣಿನ ಪಕ್ಷ ಯಾಕೆ ಸೋಲೊಪ್ಪುವುದಿಲ್ಲ? ಯಾರ ಕಣ್ಣು ಎಂದು ಕೇಳಿದರೆ ಗುಟ್ಟು ಹೊರಬೀಳುತ್ತದೆ. ದಕ್ಕೆಯ ಮೇಲೆ ನಿಂತು "ಇನ್ನೂ ಕಾಣ್ತಾ ಉಂಟಲ್ಲ ಮಾರಾಯ, ಸಮಾ ತಿಕ್ಕು" ಎನ್ನುವ ಧಣಿಗಳಿಗೆ ಡೆಕ್ಕು ನೋಡುವ ವಸ್ತು. ತಾಂಡೇಲನಿಗೂ ಕಲಾಸಿಗೂ ಅದು ನಿಲ್ಲುವ ವಸ್ತು. ನೋಡುವವರು ನಿಲ್ಲುವುದಿಲ್ಲ, ನಿಲ್ಲುವವರಿಗೆ ಬಗ್ಗಿ ನೋಡುತ್ತ ಕೂರಲು ಪುರುಸೊತ್ತಿಲ್ಲ. ಆದ್ದರಿಂದ ಈ ವಾದಕ್ಕೆ ಮಧ್ಯಸ್ಥರ ಅಗತ್ಯವಿಲ್ಲ, ಒಂದು ಪ್ರಯೋಗ ಸಾಕು. ಧಣಿಗಳು ತಮಗೆ ತೃಪ್ತಿಯಾಗುವಷ್ಟು ತಿಕ್ಕಿಸಿ, ಮೇಣ ಹಚ್ಚಿಸಿ, ಫಳಫಳ ಹೊಳೆಯುವ ಡೆಕ್ಕಿನ ಮೇಲೆ ಒಂದು ಬಕೆಟ್ ಸಮುದ್ರದ ನೀರು ಚೆಲ್ಲಿಸಬೇಕು. ಆಮೇಲೆ ಪಂಚೆ ಎತ್ತಿಕಟ್ಟಿ, ಬರಿಗಾಲಿನಲ್ಲಿ, ತಲೆಯ ಮೇಲೆ ಒಂದು ಬುಟ್ಟಿ ಬಂಗುಡೆ ಹೊತ್ತು ಈ ಕೊನೆಯಿಂದ ಆ ಕೊನೆಗೆ ತಾವೇ ನಡೆಯಬೇಕು. ಬಿದ್ದರೆ ಅದು ಪೂರ್ವಪಕ್ಷ. ನಿಂತರೆ ಈ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಗುವುದು. ಚೆಲ್ಲಿದ ಬಂಗುಡೆಯನ್ನು ಆರಿಸಿಕೊಡಲು ಕಲಾಸಿಗಳು ಹೇಗೂ ಅಲ್ಲೇ ಇರುತ್ತಾರೆ.