ಬೀಟೆಗೂ ಹಾಲೆಗೂ ಲಗ್ನ ಮಾಡಿಸುವವರು

ರಿಟೈರ್ ಆದ ಗಂಡಸರಲ್ಲಿ ಕೆಲವರು ವಾಕಿಂಗ್ ಹೋಗುತ್ತಾರೆ, ಕೆಲವರು ವಾಟ್ಸಾಪಿನಲ್ಲಿ ಕೂತು ದೇಶ ಆಳುತ್ತಾರೆ. ತಿ. ನರಸೀಪುರದ ನನ್ನ ಬಾಮೈದ ಪುಟ್ಟ ಲೇತು ತರಿಸಿಕೊಂಡು ಪೆನ್ನು ಕಡೆಯುತ್ತಾನೆ. ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವುದನ್ನು ಸಾವಿರಗಟ್ಟಲೆ ಸುರಿದು ಮನೆಯಲ್ಲೇ ಮಾಡಿಕೊಂಡರೆ ಅದಕ್ಕೆ ಹವ್ಯಾಸ ಅಂತ ಹೆಸರಂತೆ.

ಒಂದೇ ಮರದ್ದಾದರೂ ಸರಿ ಅನ್ನಬಹುದಿತ್ತು. ಇವನಿಗೆ ಬೆಳ್ಳನೆಯ ಹಾಲೆಯನ್ನೂ ಕರಿಯ ಬೀಟೆಯನ್ನೂ ಅಂಟಿಸಿ ಪಟ್ಟೆಪಟ್ಟೆಯಾಗಿಯೇ ಬೇಕು. "ನಮ್ಮ ಗುಂಜಾ ನರಸಿಂಹನ ಕೈಲಿರೋ ಗುಲಗಂಜಿ ಇದೆಯಲ್ಲ ಭಾವ, ಕೆಂಪು ಎಲ್ಲಿ ಮುಗೀತು, ಕಪ್ಪು ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆದಂಗಿರುತ್ತೆ. ಹಂಗೆ ಬರಬೇಕು." ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಂಬಿಕೆ. ಅಲ್ಲಿಯವರ ಮಾತು ಎಷ್ಟು ಹೆಚ್ಚು ಅಂತ ಯಾರೂ ತೂಗಿ ನೋಡಿದಂತಿಲ್ಲ.

ಮೊದಲ ಪೆನ್ನು ತೋರಿಸೋಕೆ ನಂಜನಗೂಡಿಗೇ ಬಂದ. ಹಾಲೆಯ ಪಟ್ಟೆಯೆಲ್ಲ ಮಾಸಲು ಮಾಸಲು. "ಏನೋ ಇದು, ನಮ್ಮೂರ ಹಲ್ಲುಪುಡಿ ತಿಕ್ಕಿದ್ದೀಯಾ?" ಅಂದೆ. ರಸಬಾಳೆ ಮುಂದಿಟ್ಟರೂ ಮುಖ ಸಡಿಲವಾಗಲಿಲ್ಲ.

ತಪ್ಪು ಬೀಟೆಯದೇ. ಎಣ್ಣೆಯಂಶ, ಬಣ್ಣ ಎರಡೂ ಇರುವ ಮರ ಅದು. ಲೇತು ಗಿರ್ರನೆ ತಿರುಗುವಾಗ ಉಪ್ಪುಕಾಗದ ಹಿಡಿದರೆ ಅದರ ನುಣ್ಣನೆ ಪುಡಿ ಪಕ್ಕದ ಹಾಲೆಯ ಸಣ್ಣ ರಂಧ್ರಗಳಿಗೆ ಹೋಗಿ ಕೂರುತ್ತದೆ. ಎರಡು ತುದಿಯ ಉಕ್ಕಿನ ಬುಶ್ಶಿಗೆ ಕಾಗದ ತಗುಲಿದರೆ ಕಬ್ಬಿಣದ ಮಸಿಯೂ ಜೊತೆಗೆ. ಆಗ ಜಾಣರು ಏನು ಮಾಡುತ್ತಾರೆ? ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸುತ್ತಾರೆ. ಬೀಟೆಯ ಬಣ್ಣ ಸ್ಪಿರಿಟ್ಟಿನಲ್ಲಿ ಕರಗುತ್ತದೆ ಸ್ವಾಮಿ! ಪುಡಿಯಾಗಿ ಇದ್ದದ್ದು ಬಣ್ಣವಾಗಿ ಒಳಗಿಳಿಯುತ್ತದೆ.

ಮೈಸೂರಿನ ಇನ್ಲೇ ಕುಶಲಕರ್ಮಿಗಳ ವಾರಸುದಾರ ತಾನು ಅಂತ ಬೇರೆ ಇವನ ಭ್ರಮೆ. ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ದಂತ ಕೂರಿಸಿರುವುದನ್ನು ನೋಡಿ ಬಂದು ಒಂದು ವಾರ ಅದೇ ಪುರಾಣ. 1986ರಲ್ಲಿ ಕಾನೂನು ನಮ್ಮ ಆನೆಯ ದಂತದ ವ್ಯಾಪಾರ ನಿಲ್ಲಿಸಿದ ಮೇಲೆ ಆ ಕಸುಬಿನಲ್ಲೂ ಬಿಳಿಗೆ ಬೇರೆ ಮರ, ಪ್ಲಾಸ್ಟಿಕ್ಕು ಬಂದವು, ನಿಜ. ಆದರೆ ಅವರ ಹಲಗೆ ಮೇಜಿನ ಮೇಲೆ ಸುಮ್ಮನೆ ಮಲಗಿರುತ್ತದೆ, ಬೇಕಾದ ಕಡೆಗೆ ಉಜ್ಜಬಹುದು. ಇವನದು ತಿರುಗುವ ಸರಕು.

ಚನ್ನಪಟ್ಟಣದವರನ್ನು ಕೇಳು ಅಂದೆ. ಅಲ್ಲಿ ಹಾಲೆ ಮರದ ಗೊಂಬೆ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿಯ ಹೊಳಪು. ಸ್ಪಿರಿಟ್ಟಿನ ಮಾತೇ ಇಲ್ಲ. ಕೇಳಿದನೇ? ಬಾಟಲಿಯಲ್ಲಿ ಸಿಗುವ ಅರಗಿನ ಪಾಲಿಶೇ ಬೇಕಂತೆ. ಅದರಲ್ಲಿರುವುದೂ ಸ್ಪಿರಿಟ್ಟೇ ಅಲ್ಲವೇನೋ?

ಅಂತೂ ದಾರಿಗೆ ಬಂದ. ಈಗ ಉಳಿ ಚೆನ್ನಾಗಿ ಮಸೆದು ಉಪ್ಪುಕಾಗದಕ್ಕೆ ಹೆಚ್ಚು ಕೆಲಸ ಉಳಿಸುವುದಿಲ್ಲ. ಉಜ್ಜುವ ಮೊದಲೇ ತೆಳ್ಳಗೆ ಪಾಲಿಶು, ಮೊದಲು ಹಾಲೆಗೆ, ಅದು ಒಣಗಿದ ಮೇಲೆ ಬೇರೆ ಬ್ರಶ್ಶಿನಲ್ಲಿ ಬೀಟೆಗೆ. ಬಾಣಂತಿಗೂ ಇಷ್ಟು ಮಡಿ ಮಾಡಿರಲಾರರು. ರಂಧ್ರ ಮುಚ್ಚಿತು, ಪುಡಿಗೆ ಜಾಗವಿಲ್ಲ. ಆಮೇಲೆ 240, 320, 400 ಅಂತ ನುಣ್ಣನೆಯ ಕಾಗದಕ್ಕೆ ಏರುವುದು. ಪ್ರತಿ ಸಲ ಲೇತು ನಿಲ್ಲಿಸಿ, ಉದ್ದುದ್ದಕ್ಕೆ ಎಳೆದು, ಪುಡಿಯನ್ನು ಒರೆಸದೆ ಊದುವುದು.

ಊದಿದ ಪುಡಿ ಎಲ್ಲಿಗೆ ಹೋಗುತ್ತದೆ ಅಂತ ಅವನ ಹೆಂಡತಿಯನ್ನು ಕೇಳಬೇಕು. ಬೀಟೆಯ ಪುಡಿ ಮೂಗಿಗೂ ಆಗದು, ಚರ್ಮಕ್ಕೂ ಆಗದು. ಮಾಸ್ಕ್ ಕೊಟ್ಟು, ಲೇತು ಸಮೇತ ಹಿತ್ತಿಲಿಗೆ ಅಟ್ಟಿದ್ದಾಳೆ.

ಮೊನ್ನೆ ಹೋದಾಗ ಪೆನ್ನು ನಿಜಕ್ಕೂ ಚೆನ್ನಾಗಿ ಬಂದಿತ್ತು, ಹೊಗಳಿದೆ. ಒಳಗಿಂದ ಕಾಫಿ ತಂದವಳು, "ಹೊಗಳಿ ಅಣ್ಣಾ, ಹೊಗಳಿ. ಗ್ಯಾಸಿನವರ ಫಾರಂ ತಿಂಗಳಿಂದ ಬಿದ್ದಿದೆ, ತುಂಬೋಕೆ ಪೆನ್ನು ಸಿಗ್ತಿಲ್ವಂತೆ!" ಅಂದಳು.