ಚಾಕು ಆರಿಸುವವನು

ಗುಮ್ಮಘಟ್ಟದಂಥ ಊರಿನಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ರಾಯದುರ್ಗಕ್ಕೆ ಬಸ್ಸು ಹತ್ತಿ ಹೋಗಿ ಕರಾಟೆ ಕಲಿಯುತ್ತಾನೆ. ಸೊಂಟಕ್ಕೆ ಹಳದಿ ಬೆಲ್ಟು ಬಿದ್ದದ್ದೇ ತಡ, ಆತ್ಮರಕ್ಷಣೆಗೆ ಎಂಥ ಚಾಕು ಒಳ್ಳೆಯದೆಂಬ ಹುಳ ತಲೆ ಹೊಗುತ್ತದೆ. ಮಡಿಚುವುದೋ, ಮಡಿಚದ್ದೋ? ಅಲಗಿಗೆ ಗರಗಸದ ಹಲ್ಲು ಬೇಕೋ, ಬೇಡವೋ? ಕೇಳುವವರು ಟೀ ಕುಡಿದು ಲೋಟ ಇಟ್ಟರೂ ಹಿಡಿಕೆಯ ಅಧ್ಯಾಯ ಶುರುವಾಗಿರುವುದಿಲ್ಲ. ಸದ್ಯಕ್ಕೆ ಅವನ ಮನಸ್ಸು ಕರಂಬಿಟ್ ಮೇಲೆ: ಹಿಡಿಕೆಯ ತುದಿಯಲ್ಲಿ ಬೆರಳು ತೂರಿಸಲು ಬಳೆ, ಹುಲಿಯುಗುರಿನಂತೆ ಒಳಕ್ಕೆ ಬಾಗಿದ ಅಲಗು. ಸುಮಾತ್ರಾ ಕಡೆಯ ಒಕ್ಕಲುತನದ ಹತಾರದಿಂದ ಬಂದದ್ದು ಎನ್ನುತ್ತಾರೆ. ಅಂದರೆ ಕುಡುಗೋಲಿನ ದಾಯಾದಿ. ಅಸಲು ಕುಡುಗೋಲು ಅವನ ಮನೆಯ ಕೊಟ್ಟಿಗೆಯ ಸೂರಿನಲ್ಲೇ ಸಿಕ್ಕಿಸಿದೆ. ಎರಡು ಹಿಡಿ ಹುಲ್ಲು ಕೊಯ್ದುಕೊಂಡು ಬಾ ಎಂದರೆ ಸೊಂಟನೋವು. ಇವನಿಗೆ ಬೇಕಾದದ್ದು ಚಾಕುವಲ್ಲ, ಚಾಕು ಆರಿಸುವ ಕೆಲಸ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಅವನ ಜೇಬು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತಾನೆಂದು ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲೇ ಬರೆದ. ಅಷ್ಟರಲ್ಲಿ ನಮ್ಮವನು ರಾಯದುರ್ಗದಲ್ಲಿ ಹೊಲಿದ ಬಿಗಿ ಜೀನ್ಸಿನ ಜೇಬಿಗೆ ಎರಡು ಬೆರಳು ತೂರಿಸಿದ್ದರೆ ಹೆಚ್ಚು. ಚಾಕು ಹೊರಬಂತೆಂದೇ ಇಟ್ಟುಕೊಳ್ಳೋಣ. ಹಿಡಿಕೆಗೂ ಅಲಗಿಗೂ ನಡುವೆ ತಡೆ ಇಲ್ಲದಿದ್ದರೆ ಬೆವೆತ ಕೈ ತಿವಿದ ರಭಸಕ್ಕೆ ಮುಂದೆ ಜಾರಿ ತನ್ನ ಬೆರಳನ್ನೇ ಕೊಯ್ದುಕೊಳ್ಳುತ್ತದೆ. ತಡೆ ಇದ್ದರೆ ಅದೇ ಜೇಬಿಗೆ ಸಿಕ್ಕಿಕೊಳ್ಳುತ್ತದೆ. ಇನ್ನು ಕಾನೂನು. ಶಸ್ತ್ರಾಸ್ತ್ರ ನಿಯಮಗಳು ಅಲಗಿನ ಉದ್ದಕ್ಕೆ 9 ಅಂಗುಲ, ಅಗಲಕ್ಕೆ 2 ಅಂಗುಲದ ಗೆರೆ ಎಳೆದಿವೆ. ಅಡುಗೆಮನೆಯ, ಹೊಲದ ಹತಾರಗಳಿಗೆ ಈ ಕಾಟವಿಲ್ಲ. ಇವನು ಟೇಪು ಹಿಡಿದು ಎಂಟೂಮುಕ್ಕಾಲು ಅಂಗುಲದ್ದನ್ನು ಹುಡುಕುತ್ತಾನೆ, ಪೊಲೀಸರೂ ಟೇಪು ಹಿಡಿದೇ ಬರುತ್ತಾರೆಂಬ ನಂಬಿಕೆಯಲ್ಲಿ. ಅವರು ಕೇಳುವುದೇ ಬೇರೆ: ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಏಟು ಬಿತ್ತೇ ಎಂದು. ಭಾರತೀಯ ನ್ಯಾಯ ಸಂಹಿತೆಯ 37ನೇ ಸೆಕ್ಷನ್ ಹಾಕುವ ಮಿತಿಯೂ ಅದೇ.

ಹಾಗಾದರೆ ಕೊಡವರು ಪೀಚೆಕತ್ತಿ ಸಿಕ್ಕಿಸುವುದಿಲ್ಲವೇ ಎಂದು ಅವನು ಕೇಳಬಹುದು, ಕೇಳೇ ಕೇಳುತ್ತಾನೆ. ಸಿಕ್ಕಿಸುತ್ತಾರೆ, ಮದುವೆಗೆ, ಹಬ್ಬಕ್ಕೆ, ಕುಪ್ಯವೆಂಬ ನಿಲುವಂಗಿಯ ಮೇಲೆ ಸುತ್ತುವ ಚೇಲೆ ಎಂಬ ನಡುಪಟ್ಟಿಗೆ. ಅದರ ಬೆಳ್ಳಿ ಕೆಲಸ ನೋಡಲು ಬಲು ಚಂದ, ಆದರೆ ಅಲ್ಲಿ ಅದು ಅಲಂಕಾರ. ಅವನ ಮುಂದಿನ ಪ್ರಶ್ನೆ: ಎದುರಿನವನ ಕೈಯಲ್ಲೂ ಚಾಕು ಇದ್ದರೆ? ಇದು ತೂಕದ ಪ್ರಶ್ನೆ. ಕಳರಿಪಯಟ್ಟಿನ ಹಳೆಯ ಕ್ರಮದಲ್ಲಿ ಮೊದಲು ಮೈ ಪಳಗಬೇಕು, ಆಮೇಲೆ ಕೋಲು, ಅದಾದ ಮೇಲಷ್ಟೇ ಕಠಾರಿ, ಕತ್ತಿ. ಇವನು ನೆಗೆದು ಮೂರನೇ ಮೆಟ್ಟಿಲ ಮೇಲೆ ಕೂತಿದ್ದಾನೆ. ತಾಲೀಮಿನ ರಬ್ಬರ್ ಚಾಕುವಿಗೆ ಸೀಮೆಸುಣ್ಣ ಬಳಿದು ಇಬ್ಬರನ್ನು ಎದುರುಬದುರು ಬಿಟ್ಟರೆ ಅರೆನಿಮಿಷದಲ್ಲಿ ಇಬ್ಬರ ಅಂಗಿಯ ಮೇಲೂ ಬಿಳಿ ಗೆರೆ. ಗೆದ್ದವನು ಯಾರೆಂದು ಹೇಳುವುದೇ ಕಷ್ಟ. ಅದಕ್ಕೇ ಬಲ್ಲ ಮಾಸ್ಟರುಗಳು ಮೊದಲು ಓಡು ಎನ್ನುತ್ತಾರೆ. ಆ ಪಾಠದ ದಿನ ಇವನಿಗೆ ಜ್ವರ.

ಹಾಗೆ ನೋಡಿದರೆ ಅವನನ್ನು ಈವರೆಗೆ ಯಾರೂ ಹೆದರಿಸಿಲ್ಲ. ಭೈರವಾನಿತಿಪ್ಪ ಅಣೆಕಟ್ಟೆಯ ಕಡೆಯ ದಾರಿಯಲ್ಲಿ ರಾತ್ರಿ ಎದುರಾಗುವುದು ಹೆಚ್ಚೆಂದರೆ ಒಂದು ಹಾವು, ಇಲ್ಲವೇ ಲೈಟಿಲ್ಲದ ಟ್ರ್ಯಾಕ್ಟರು. ಆದರೂ ಕಾಲೇಜಿನಿಂದ ತಡವಾಗಿ ಬರುವ ತಂಗಿಯನ್ನು ಬಸ್‌ಸ್ಟ್ಯಾಂಡಿನಿಂದ ಕರೆತರಲು ತಪ್ಪದೆ ಹೊರಡುವವನು ಅವನೇ. ಆಗ ಜೇಬಿನಲ್ಲಿ ಏನೂ ಇರುವುದಿಲ್ಲ, ಆಯ್ಕೆ ಇನ್ನೂ ಮುಗಿದಿಲ್ಲವಲ್ಲ. ಕೈಯಲ್ಲಿ ಟಾರ್ಚು ಮಾತ್ರ. ಕತ್ತಲಲ್ಲಿ ಮುಖಕ್ಕೆ ಬೆಳಕು ಬಿಟ್ಟರೆ ಎಂಥವನೂ ಗಳಿಗೆ ಹೊತ್ತು ಕಣ್ಣು ಮುಚ್ಚುತ್ತಾನೆ. ಓಡಲು ಅಷ್ಟು ಸಾಕು. ಇದನ್ನು ಹೇಳಿದರೆ ಟಾರ್ಚಿನ ವಿನ್ಯಾಸದ ಬಗ್ಗೆ ಶುರು ಹಚ್ಚಿಕೊಳ್ಳುತ್ತಾನೆಂದು ಊರಲ್ಲಿ ಯಾರೂ ಅವನಿಗೆ ಹೇಳಿಲ್ಲ.